ಮೋಜೀಕ್ ಬೇರೆ ಉತ್ತರ ಕೊಡುವುದೇಕೆ? ಸ್ವಂತ ಇಂಡೆಕ್ಸ್ ಇರುವ ಪುಟ್ಟ ಸರ್ಚ್ ಎಂಜಿನ್ ಮತ್ತು ಅದರ ದೈತ್ಯ ಎದುರಾಳಿಗಳು

ಒಂದೇ ಪ್ರಶ್ನೆಯನ್ನು ಗೂಗಲ್, ಬಿಂಗ್, ಡಕ್‌ಡಕ್‌ಗೋ, ಮೋಜೀಕ್ ನಾಲ್ಕರಲ್ಲೂ ಹಾಕಿ, ಮೊದಲ ಹತ್ತು ಕೊಂಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಬಿಂಗ್ ಮತ್ತು ಡಕ್‌ಡಕ್‌ಗೋ ಪಟ್ಟಿಗಳು ಬಹುಪಾಲು ಒಂದನ್ನೊಂದು ಹೋಲುತ್ತವೆ. ಗೂಗಲ್ ಪಟ್ಟಿ ಸ್ವಲ್ಪ ಭಿನ್ನ, ಆದರೂ ಮೇಲೆ ಕೂತಿರುವ ದೊಡ್ಡ ತಾಣಗಳು ಹೆಚ್ಚುಕಡಿಮೆ ಅವೇ. ಮೋಜೀಕ್ ಪಟ್ಟಿಯಲ್ಲಿ ಮಾತ್ರ ಉಳಿದ ಮೂರರಲ್ಲೂ ಕಾಣದ ಕೆಲವು ತಾಣಗಳು ಸಿಗುತ್ತವೆ. ಅವುಗಳಲ್ಲಿ ಒಂದೆರಡು ತುಂಬ ಉಪಯುಕ್ತ, ಒಂದೆರಡು ಪ್ರಶ್ನೆಗೆ ಸಂಬಂಧವೇ ಇಲ್ಲದವು.

ಎರಡಕ್ಕೂ ಕಾರಣ ಅದರ ಎರಡು ನಿರ್ಧಾರಗಳು. ಮೋಜೀಕ್ ತನ್ನ ಇಂಡೆಕ್ಸನ್ನು, ಅಂದರೆ ವೆಬ್ ಪುಟಗಳಲ್ಲಿ ಯಾವ ಪದ ಎಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು, ತಾನೇ ಕಟ್ಟಿಕೊಂಡಿದೆ, ಮತ್ತು ಬಳಕೆದಾರರು ಏನನ್ನು ಕ್ಲಿಕ್ ಮಾಡಿದರು ಎಂಬುದನ್ನು ಹಿಂಬಾಲಿಸದೆ ಅದನ್ನು ನಡೆಸುತ್ತಿದೆ. ಅದರ ಹಿರಿಮೆಯೂ ಅದರ ಕೊರತೆಯೂ ಇವುಗಳಿಂದಲೇ ಹುಟ್ಟಿವೆ. ಇವು ಅರ್ಥವಾದರೆ ಯಾವ ಕೆಲಸಕ್ಕೆ ಅದನ್ನು ತೆರೆಯಬೇಕು, ಯಾವುದಕ್ಕೆ ತೆರೆಯುವುದು ದಂಡ ಎಂಬುದು ಸುಲಭವಾಗಿ ಗೊತ್ತಾಗುತ್ತದೆ.

ಹೆಸರು ಹಲವು, ಇಂಡೆಕ್ಸ್ ಕೆಲವೇ

ಸರ್ಚ್ ಎಂಜಿನ್‌ಗಳನ್ನು ಹೋಲಿಸುವಾಗ ಬಹಳ ಜನ ಮುಖಪುಟ, ಜಾಹೀರಾತು, ಗೌಪ್ಯತೆಯ ಭರವಸೆ ಇವನ್ನಷ್ಟೇ ನೋಡುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಫಲಿತಾಂಶ ಯಾರ ಇಂಡೆಕ್ಸಿನಿಂದ ಬಂತು?

2008ರಲ್ಲಿ ಶುರುವಾದ ಡಕ್‌ಡಕ್‌ಗೋ ಸಾಮಾನ್ಯ ವೆಬ್ ಕೊಂಡಿಗಳನ್ನು ಬಹುಮಟ್ಟಿಗೆ ಬಿಂಗ್‌ನಿಂದ ಪಡೆಯುತ್ತದೆ. ಯಾಹೂ ಕೂಡ ಬಿಂಗ್ ಮೇಲೆ ನಿಂತಿದೆ. ಸ್ಟಾರ್ಟ್‌ಪೇಜ್ ಮುಖ್ಯವಾಗಿ ಗೂಗಲ್ ಫಲಿತಾಂಶಗಳನ್ನು, ನಿಮ್ಮ ಗುರುತನ್ನು ಕಳಚಿ, ದಾಟಿಸುತ್ತದೆ. ಎಕೋಸಿಯಾ ಮತ್ತು ಕ್ವಾಂಟ್ ಬಹುಕಾಲ ಬಿಂಗ್ ಅನ್ನು ನೆಚ್ಚಿಕೊಂಡಿದ್ದವು. ಯುರೋಪಿನದ್ದೇ ಆದ ಒಂದು ಇಂಡೆಕ್ಸ್ ಕಟ್ಟಲು 2024ರ ನವೆಂಬರಿನಲ್ಲಿ ಎರಡೂ ಸೇರಿ ಜಂಟಿ ಕಂಪನಿ ಘೋಷಿಸಿದವು. ಅಂದರೆ ಬ್ರೌಸರಿನ ಆಯ್ಕೆಪಟ್ಟಿಯಲ್ಲಿ ಹತ್ತು ಹೆಸರುಗಳಿದ್ದರೂ ಅವುಗಳ ಹಿಂದೆ ದುಡಿಯುವ ಇಂಡೆಕ್ಸ್‌ಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಇದು ಬರೀ ತಾಂತ್ರಿಕ ವಿವರ ಅಂದುಕೊಳ್ಳಬೇಡಿ. 2021ರ ಜೂನ್ 4ರಂದು ಬಿಂಗ್‌ನ ಚಿತ್ರಶೋಧದಲ್ಲಿ ತಿಯಾನನ್ಮೆನ್ ಚೌಕದ ಟ್ಯಾಂಕುಗಳ ಎದುರು ನಿಂತ ವ್ಯಕ್ತಿಯ ಪ್ರಸಿದ್ಧ ಚಿತ್ರಕ್ಕಾಗಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಬಿಂಗ್‌ನ ಒಡೆಯ ಮೈಕ್ರೋಸಾಫ್ಟ್ ಅದನ್ನು ಮಾನವ ತಪ್ಪು ಎಂದಿತು. ಅದೇ ಹೊತ್ತಿಗೆ ಡಕ್‌ಡಕ್‌ಗೋದ ಚಿತ್ರಶೋಧವೂ ಖಾಲಿಯಾಗಿತ್ತು. 2024ರ ಮೇ 23ರಂದು ಬಿಂಗ್ ಕೆಟ್ಟು ನಿಂತಾಗ ಡಕ್‌ಡಕ್‌ಗೋ, ಎಕೋಸಿಯಾ ಎರಡೂ ಅದರ ಜೊತೆಗೇ ಮುಗ್ಗರಿಸಿದವು. ಬೆಲೆಯ ವಿಷಯದಲ್ಲೂ ಹೀಗೆಯೇ. 2023ರ ಮೇ ತಿಂಗಳಿಂದ ಬಿಂಗ್ ತನ್ನ ಶೋಧ ಎಪಿಐ (ಬೇರೆ ಕಂಪನಿಗಳ ಪ್ರೋಗ್ರಾಂಗಳು ಅದರ ಫಲಿತಾಂಶ ಪಡೆಯುವ ಸೇವೆ) ದರಗಳನ್ನು ಹಲವು ಪಟ್ಟು ಏರಿಸಿತು. 2025ರ ಆಗಸ್ಟ್ 11ರಂದು ಆ ಸಾರ್ವಜನಿಕ ಎಪಿಐಯನ್ನೇ ಮುಚ್ಚಿತು. ಪ್ರತ್ಯೇಕ ಒಪ್ಪಂದ ಮಾಡಿಕೊಂಡಿದ್ದ ದೊಡ್ಡ ಗಿರಾಕಿಗಳು ಬಚಾವಾದರು. ಅದನ್ನೇ ನಂಬಿದ್ದ ಸಣ್ಣ ಎಂಜಿನ್‌ಗಳು ಬೇರೆ ದಾರಿ ಹುಡುಕಬೇಕಾಯಿತು.

ಮೋಜೀಕ್ ಈ ಸಾಲಿನ ಹೊರಗಿದೆ. ಮಾರ್ಕ್ ಸ್ಮಿತ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ 2004ರಲ್ಲಿ ಒಬ್ಬರೇ ಆರಂಭಿಸಿದ ಕೆಲಸ ಇದು. ಮೊದಲಿಗೆ ಅದು ಅವರ ಮನೆಯಲ್ಲಿದ್ದ ಸರ್ವರುಗಳಲ್ಲೇ ಓಡುತ್ತಿತ್ತು. ಈಗ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಡೇಟಾ ಕೇಂದ್ರದಲ್ಲಿದೆ. 2006ರಿಂದಲೂ ಬಳಕೆದಾರರನ್ನು ಹಿಂಬಾಲಿಸುವುದಿಲ್ಲ ಎಂಬ ನೀತಿಯನ್ನು ಪಾಲಿಸಿಕೊಂಡು ಬಂದಿದೆ. 2015ರಲ್ಲಿ ಅದರ ಇಂಡೆಕ್ಸ್ 100 ಕೋಟಿ ಪುಟ ಮುಟ್ಟಿತು, 2022ರಲ್ಲಿ 500 ಕೋಟಿ ದಾಟಿತು, ಆಮೇಲೆ 800 ಕೋಟಿಯನ್ನೂ ಮೀರಿತು. ಗೂಗಲ್ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲಿ ನಡೆದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಬಂದ ಸಾಕ್ಷ್ಯದ ಪ್ರಕಾರ 2020ರ ಸುಮಾರಿಗೆ ಗೂಗಲ್ ಇಂಡೆಕ್ಸಿನಲ್ಲಿ ಸುಮಾರು 40,000 ಕೋಟಿ ದಾಖಲೆಗಳಿದ್ದವು. ಗಾತ್ರದಲ್ಲಿ ಐವತ್ತು ಪಟ್ಟು ಅಂತರ.

ಐವತ್ತು ಪಟ್ಟು ಅಂತರ ಏಕೆ ತುಂಬುವುದಿಲ್ಲ

ಇಂಡೆಕ್ಸ್ ಕಟ್ಟುವುದು ಕ್ರಾಲರ್‌ನಿಂದ ಶುರುವಾಗುತ್ತದೆ. ಕ್ರಾಲರ್ ಎಂದರೆ ಒಂದು ಪುಟ ತೆರೆದು, ಅದರ ಪಠ್ಯ ತೆಗೆದುಕೊಂಡು, ಅದರಲ್ಲಿರುವ ಕೊಂಡಿಗಳನ್ನು ಸರತಿಗೆ ಸೇರಿಸಿ, ಮುಂದಿನದಕ್ಕೆ ಹೋಗುವ ಪ್ರೋಗ್ರಾಂ. ಇದನ್ನು ಬಾಟ್ ಎಂದೂ ಕರೆಯುತ್ತಾರೆ; ಮೋಜೀಕ್‌ನದ್ದಕ್ಕೆ ಮೋಜೀಕ್‌ಬಾಟ್ (MojeekBot) ಎಂದು ಹೆಸರು.

ಲೆಕ್ಕಕ್ಕಾಗಿ ಒಂದು ಕ್ರಾಲರ್ ಸೆಕೆಂಡಿಗೆ 1,000 ಪುಟ ತರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 8.64 ಕೋಟಿ ಪುಟ ಆಯಿತು. 800 ಕೋಟಿ ಪುಟಗಳನ್ನು ಒಂದು ಸುತ್ತು ನೋಡಿ ಬರಲು 93 ದಿನ ಬೇಕು. ಅದೇ ವೇಗದಲ್ಲಿ 40,000 ಕೋಟಿ ಪುಟಗಳಿಗೆ ಹನ್ನೆರಡೂವರೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಮೊದಲು ತಂದ ಪುಟಗಳು ಹಳಸಿರುತ್ತವೆ. ಪುಟವೊಂದಕ್ಕೆ ಸರಾಸರಿ 50 ಕಿಲೋಬೈಟ್ ಹಿಡಿದರೂ 800 ಕೋಟಿ ಪುಟಗಳ ಕಚ್ಚಾ ಪಠ್ಯ 400 ಟೆರಾಬೈಟ್ ಆಗುತ್ತದೆ. ಅದರಿಂದ ಇಂಡೆಕ್ಸ್ ತಯಾರಿಸಿ, ಪ್ರತಿ ಪ್ರಶ್ನೆಗೂ ಅರೆ ಸೆಕೆಂಡಿನಲ್ಲಿ ಉತ್ತರಿಸಬೇಕಾದರೆ ಅದನ್ನು ನೂರಾರು ಸರ್ವರುಗಳಿಗೆ ಹಂಚಬೇಕು.

ಆದರೆ ನಿಜವಾದ ತೊಡಕು ನೆಟ್‌ವರ್ಕ್ ವೇಗವೂ ಅಲ್ಲ, ಡಿಸ್ಕಿನ ಬೆಲೆಯೂ ಅಲ್ಲ. ಸೆಕೆಂಡಿಗೆ 1,000 ಪುಟ ಎಂದರೆ ಬರೀ 400 ಮೆಗಾಬಿಟ್ ಸಂಪರ್ಕ ಸಾಕು. ತೊಡಕಿರುವುದು ಎದುರಿನ ತಾಣ ಬಾಗಿಲು ತೆಗೆಯುತ್ತದೆಯೇ ಎಂಬುದರಲ್ಲಿ. ಮರ್ಯಾದಸ್ಥ ಕ್ರಾಲರ್ ಒಂದು ತಾಣವನ್ನು ಒಂದೇ ಸಮನೆ ಬಡಿಯುವುದಿಲ್ಲ. ಎರಡು ಕೋರಿಕೆಗಳ ನಡುವೆ ಕೆಲವು ಸೆಕೆಂಡು ಬಿಡುತ್ತದೆ. ಐದು ಸೆಕೆಂಡಿಗೆ ಒಂದರಂತೆ ಹೋದರೆ 10 ಲಕ್ಷ ಪುಟಗಳಿರುವ ಒಂದು ತಾಣವನ್ನು ಮುಗಿಸಲು 58 ದಿನ. ಗೂಗಲ್‌ಬಾಟ್ ಬಂದರೆ ತಾಣದ ಒಡೆಯರೇ ವೇಗ ಹೆಚ್ಚಿಸಲಿ ಎಂದು ಬಯಸುತ್ತಾರೆ, ಏಕೆಂದರೆ ಅದು ಓದುಗರನ್ನು ತರುತ್ತದೆ. ಹೆಸರೇ ಕೇಳದ ಬಾಟ್ ಬಂದರೆ ಅದನ್ನು ತಡೆಯುತ್ತಾರೆ.

ತಡೆಯುವ ಬಗೆ ಎರಡು. ಒಂದು, ಯಾವ ಕ್ರಾಲರ್ ಒಳಬರಬಹುದು ಎಂದು ತಾಣ ಬರೆದಿಡುವ ರೋಬೋಟ್ಸ್.ಟಿಎಕ್ಸ್‌ಟಿ (robots.txt) ಎಂಬ ಕಡತ. 1994ರಿಂದ ರೂಢಿಯಲ್ಲಿದ್ದ ಇದು 2022ರಲ್ಲಿ ಅಧಿಕೃತ ಇಂಟರ್ನೆಟ್ ಮಾನದಂಡವಾಯಿತು. ಇದರಲ್ಲಿ ಗೂಗಲ್, ಬಿಂಗ್ ಇವಕ್ಕೆ ಅನುಮತಿ ಕೊಟ್ಟು ಉಳಿದವರೆಲ್ಲರಿಗೂ ನಿಷೇಧ ಬರೆಯುವ ತಾಣಗಳು ಸಾಕಷ್ಟಿವೆ. ಇನ್ನೊಂದು, ಬಾಟ್‌ಗಳನ್ನು ತಡೆಯುವ ಫೈರ್‌ವಾಲ್ ಸೇವೆ. ಎಐ ತರಬೇತಿಗಾಗಿ ಪಠ್ಯ ಬಾಚಿಕೊಳ್ಳುವ ಬಾಟ್‌ಗಳ ಕಾಟ ಹೆಚ್ಚಿದ ಮೇಲೆ ತಾಣಗಳು ಈ ಬೇಲಿಯನ್ನು ಎತ್ತರಿಸಿದವು. ಅದರ ಏಟು ಬಿದ್ದದ್ದು ನಿಯಮ ಪಾಲಿಸುವ ಸಣ್ಣ ಸರ್ಚ್ ಎಂಜಿನ್‌ಗಳಿಗೆ. 2024ರಲ್ಲಿ ರೆಡ್ಡಿಟ್ ತನ್ನ ರೋಬೋಟ್ಸ್ ಕಡತದಲ್ಲಿ ಎಲ್ಲ ಕ್ರಾಲರ್‌ಗಳಿಗೂ ಬಾಗಿಲು ಹಾಕಿತು. ದೊಡ್ಡ ಸರ್ಚ್ ಎಂಜಿನ್‌ಗಳಲ್ಲಿ ಅದೇ ವರ್ಷ ಒಪ್ಪಂದ ಮಾಡಿಕೊಂಡಿದ್ದ ಗೂಗಲ್‌ಗೆ ಮಾತ್ರ ಹೊಸ ಚರ್ಚೆಗಳು ಸಿಗುತ್ತ ಹೋದವು. ಹೀಗಾಗಿ ಮೋಜೀಕ್‌ನಲ್ಲಿ ರೆಡ್ಡಿಟ್ ಚರ್ಚೆ ಸಿಗದಿದ್ದರೆ ಅದು ಎಂಜಿನ್ನಿನ ಅಲ್ಗಾರಿದಮ್ ಕಳಪೆ ಎಂಬುದಕ್ಕೆ ಸಾಕ್ಷಿಯಲ್ಲ. ಹೋಲಿಕೆ ಬರೆಯುವವರು ಈ ಎರಡನ್ನೂ ಕಲಸಿಬಿಡುವುದು ಅನ್ಯಾಯ.

ಇನ್ನೊಂದು ತೊಡಕು ಜಾವಾಸ್ಕ್ರಿಪ್ಟ್, ಅಂದರೆ ಪುಟ ತೆರೆದ ಮೇಲೆ ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ. ಗೂಗಲ್‌ಬಾಟ್ 2019ರಿಂದ ಹೊಸ ಆವೃತ್ತಿಯ ಕ್ರೋಮಿಯಂ ಬ್ರೌಸರನ್ನೇ ಒಳಗಿಟ್ಟುಕೊಂಡು ಪುಟವನ್ನು ಪೂರ್ತಿ ಬಿಡಿಸಿ ನೋಡುತ್ತದೆ. ಸಣ್ಣ ಕ್ರಾಲರ್‌ಗಳು ಸಾಮಾನ್ಯವಾಗಿ ಸರ್ವರ್ ಕಳಿಸಿದ ಎಚ್‌ಟಿಎಂಎಲ್ ಅನ್ನು, ಅಂದರೆ ಪುಟದ ಮೂಲ ಬರಹವನ್ನಷ್ಟೇ ಓದುತ್ತವೆ, ಏಕೆಂದರೆ ಪ್ರತಿ ಪುಟಕ್ಕೂ ಬ್ರೌಸರ್ ಓಡಿಸಿದರೆ ಖರ್ಚು ಬಹುಪಟ್ಟು ಏರುತ್ತದೆ. ಪಠ್ಯವನ್ನೆಲ್ಲ ಜಾವಾಸ್ಕ್ರಿಪ್ಟ್ ಮೂಲಕ ತುಂಬುವ ತಾಣ ಅಂಥ ಕ್ರಾಲರ್‌ಗೆ ಖಾಲಿ ಹಾಳೆಯಾಗಿ ಕಾಣುತ್ತದೆ.

ತಂದ ಪುಟವನ್ನು ಮೇಲೆ-ಕೆಳಗೆ ಇಡುವ ಲೆಕ್ಕ

ತಂದ ಪಠ್ಯದಿಂದ ತಯಾರಾಗುವ ಇಂಡೆಕ್ಸ್ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ: ಪ್ರತಿ ಪದದ ಮುಂದೆ ಅದು ಯಾವ ಯಾವ ಪುಟದಲ್ಲಿ, ಎಷ್ಟನೆಯ ಸ್ಥಾನದಲ್ಲಿ ಬಂದಿದೆ ಎಂಬ ಪಟ್ಟಿ. ಮೂರು ಪದಗಳ ಪ್ರಶ್ನೆ ಬಂದರೆ ಮೂರೂ ಪಟ್ಟಿಗಳನ್ನು ಒಟ್ಟಿಗೆ ಓದಿ, ಮೂರರಲ್ಲೂ ಇರುವ ಪುಟಗಳನ್ನು ಆರಿಸಬೇಕು. ಇಷ್ಟು ಸಲೀಸು. ಕಷ್ಟವಿರುವುದು ಆರಿಸಿದ ಎರಡು ಲಕ್ಷ ಪುಟಗಳಲ್ಲಿ ಹತ್ತನ್ನು ಮೇಲಕ್ಕೆ ತರುವುದರಲ್ಲಿ.

ಇಲ್ಲಿ ಮೂರು ಬಗೆಯ ಸಾಕ್ಷ್ಯಗಳು ಕೆಲಸಕ್ಕೆ ಬರುತ್ತವೆ.

ಮೊದಲನೆಯದು ಪಠ್ಯ. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ತತ್ವವನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಅದರ ಮೇಲೆ 1990ರ ದಶಕದಲ್ಲಿ ಲಂಡನ್ನಿನಲ್ಲಿ ಬೆಳೆದ ಬಿಎಂ25 ಎಂಬ ಸೂತ್ರ ಇಂದಿಗೂ ಶೋಧಶಾಸ್ತ್ರದ ಅಡಿಪಾಯ. ಪದ ಎಷ್ಟು ಸಲ ಬಂದಿದೆ ಎಂಬುದನ್ನು ಅದು ಎಣಿಸುತ್ತದೆ, ಆದರೆ ಇಪ್ಪತ್ತನೆಯ ಸಲಕ್ಕೆ ಎರಡನೆಯ ಸಲದಷ್ಟು ಬೆಲೆ ಕೊಡುವುದಿಲ್ಲ. ಉದ್ದದ ಪುಟಗಳು ಬರೀ ಉದ್ದದ ಬಲದಿಂದ ಗೆಲ್ಲದಂತೆ ತಿದ್ದುತ್ತದೆ. ಪದವೊಂದನ್ನು ನೂರು ಸಲ ತುರುಕಿದ ಪುಟ ಮೇಲೇರದಿರಲು ಇದೇ ಮೊದಲ ತಡೆ.

ಎರಡನೆಯದು ಕೊಂಡಿಗಳು. ಗೂಗಲ್ ಸ್ಥಾಪಕರಾದ ಬ್ರಿನ್ ಮತ್ತು ಪೇಜ್ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ಇದರ ಪ್ರಸಿದ್ಧ ರೂಪ. ಒಂದು ಪುಟಕ್ಕೆ ಯಾರು ಕೊಂಡಿ ಕೊಟ್ಟಿದ್ದಾರೆ, ಕೊಟ್ಟವರಿಗೆ ಎಷ್ಟು ಮಾನವಿದೆ ಎಂಬುದನ್ನು ಅದು ಸುತ್ತುಸುತ್ತಾಗಿ ಲೆಕ್ಕ ಹಾಕುತ್ತದೆ. ಇಂಡೆಕ್ಸ್ ಚಿಕ್ಕದಾದಷ್ಟೂ ಈ ಲೆಕ್ಕ ಅರೆಬರೆಯಾಗುತ್ತದೆ: ಕೊಂಡಿ ಕೊಟ್ಟ ಪುಟವನ್ನೇ ಕ್ರಾಲರ್ ನೋಡಿರದಿದ್ದರೆ ಆ ಮತ ಎಣಿಕೆಗೇ ಬರುವುದಿಲ್ಲ.

ಮೂರನೆಯದು ಬಳಕೆದಾರರ ನಡವಳಿಕೆ. ಜನ ಯಾವ ಕೊಂಡಿ ಒತ್ತಿದರು, ಅಲ್ಲೇ ಉಳಿದರೋ ಎರಡೇ ಸೆಕೆಂಡಿನಲ್ಲಿ ಹಿಂದೆ ಬಂದರೋ ಎಂಬ ದಾಖಲೆ. ಗೂಗಲ್‌ನ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ 13 ತಿಂಗಳ ಇಂಥ ದಾಖಲೆಯನ್ನು ಬಳಸುತ್ತದೆ ಎಂಬುದು ಆ ಏಕಸ್ವಾಮ್ಯ ಮೊಕದ್ದಮೆಯ 2023ರ ವಿಚಾರಣೆಯಲ್ಲಿ ಕಂಪನಿಯ ಉನ್ನತ ಅಧಿಕಾರಿ ಪಾಂಡು ನಾಯಕ್ ನೀಡಿದ ಸಾಕ್ಷ್ಯದಿಂದ ಹೊರಬಂತು. 2024ರ ಆಗಸ್ಟ್ 5ರ ತೀರ್ಪಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಈ ರಾಶಿಯ ಅಗಾಧತೆಯನ್ನು ಅಂಕಿಗಳಲ್ಲೇ ಹೇಳಿದ್ದಾರೆ. ಎಲ್ಲ ಎದುರಾಳಿಗಳಿಗೂ ಸೇರಿ ದಿನಕ್ಕೆ ಬರುವ ಪ್ರಶ್ನೆಗಳ ಒಂಬತ್ತು ಪಟ್ಟು ಗೂಗಲ್ ಒಂದಕ್ಕೇ ಬರುತ್ತವೆ. ಮೊಬೈಲಿನಲ್ಲಿ ಅದು 19 ಪಟ್ಟು. ಗೂಗಲ್ 13 ತಿಂಗಳಲ್ಲಿ ಪಡೆಯುವ ಬಳಕೆದಾರ ದತ್ತಾಂಶ ಬಿಂಗ್‌ನ 17 ವರ್ಷಕ್ಕೂ ಹೆಚ್ಚಿನ ದತ್ತಾಂಶಕ್ಕೆ ಸಮ. ಬಿಂಗ್‌ಗೇ ಹೀಗಾದರೆ ಮೋಜೀಕ್‌ನ ಪಾಡೇನು!

ಮೋಜೀಕ್ ಈ ಮೂರನೆಯ ಸಾಕ್ಷ್ಯವನ್ನು ಬೇಕೆಂದೇ ಬಿಟ್ಟಿದೆ. ಅದು ನಿಮ್ಮ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ಗುರುತುಸಂಖ್ಯೆ) ದಾಖಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಜಾಗದಲ್ಲಿ ದೇಶ ಸೂಚಿಸುವ ಎರಡಕ್ಷರದ ಸಂಕೇತ ಮಾತ್ರ ಉಳಿಯುತ್ತದೆ. ನೀವು ನಿನ್ನೆ ಏನು ಹುಡುಕಿದಿರಿ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಇದರ ಒಳ್ಳೆಯ ಫಲ ಸ್ಪಷ್ಟ: ಒಂದೇ ಪ್ರದೇಶ, ಒಂದೇ ಭಾಷೆಯ ಆಯ್ಕೆ ಇಟ್ಟುಕೊಂಡ ಇಬ್ಬರಿಗೆ ಒಂದೇ ಪಟ್ಟಿ ಸಿಗುತ್ತದೆ. ಇದರ ನಷ್ಟವೂ ಅಷ್ಟೇ ಸ್ಪಷ್ಟ. ಕೋಟ್ಯಂತರ ಜನರ ಬೆರಳು ತಿದ್ದಿಕೊಡುವ ತಪ್ಪುಗಳನ್ನು ಮೋಜೀಕ್ ತನ್ನ ಸೂತ್ರದಿಂದಲೇ ತಿದ್ದಿಕೊಳ್ಳಬೇಕು. ಕಾಗುಣಿತ ತಪ್ಪಿದಾಗ, ಒಂದು ಪದಕ್ಕೆ ಹಲವು ಅರ್ಥವಿದ್ದಾಗ, ಪ್ರಶ್ನೆಯನ್ನು ಪೂರ್ತಿ ವಾಕ್ಯವಾಗಿ ಬರೆದಾಗ ಅದು ಎಡವುವುದು ಇಲ್ಲೇ. ಗೂಗಲ್ 2019ರಿಂದ ಬರ್ಟ್ ಎಂಬ ಭಾಷಾ ಮಾದರಿಯನ್ನು ಬಳಸಿ ವಾಕ್ಯದಲ್ಲಿ ಪದಗಳ ಸಂಬಂಧವನ್ನು ಗ್ರಹಿಸುತ್ತಿದೆ. ಪದಹೊಂದಿಕೆಯ ಮೇಲೆ ಹೆಚ್ಚು ನಿಂತಿರುವ ಎಂಜಿನ್‌ಗೆ ಅದೇ ವಾಕ್ಯದ ‘ಹೇಗೆ’, ‘ಏಕೆ’, ‘ಮಾಡಬೇಕಾದರೆ’ ಎಲ್ಲವೂ ಅಡ್ಡ ಬರುವ ಪದಗಳಾಗುತ್ತವೆ.

ಬ್ರೇವ್ ಸರ್ಚ್ ಈ ಇಕ್ಕಟ್ಟಿನಿಂದ ಬೇರೆ ದಾರಿ ಹಿಡಿಯಿತು. 2021ರಲ್ಲಿ ಆರಂಭವಾದ ಅದು 2023ರ ಏಪ್ರಿಲಿನಲ್ಲಿ ವೆಬ್ ಫಲಿತಾಂಶಗಳಿಗೆ ಬಿಂಗ್ ನೆರವನ್ನು ಪೂರ್ತಿ ಕೈಬಿಟ್ಟಿತು. ಒಪ್ಪಿಗೆ ಕೊಟ್ಟ ಬ್ರೇವ್ ಬ್ರೌಸರ್ ಬಳಕೆದಾರರು ಏನು ಹುಡುಕಿ ಎಲ್ಲಿಗೆ ಹೋದರು ಎಂಬುದನ್ನು, ವ್ಯಕ್ತಿಯ ಗುರುತು ಸೇರದಂತೆ, ಸಂಗ್ರಹಿಸಿ ಅದರ ಆಧಾರದಿಂದ ಯಾವ ಪುಟಗಳು ಇಂಡೆಕ್ಸಿನಲ್ಲಿ ಇರಲೇಬೇಕು ಎಂದು ತೀರ್ಮಾನಿಸುತ್ತದೆ. ಆದ್ದರಿಂದ ಚಿಕ್ಕ ಇಂಡೆಕ್ಸಿನಲ್ಲೂ ದಿನಬಳಕೆಯ ಪ್ರಶ್ನೆಗಳಿಗೆ ಅದು ಚೆನ್ನಾಗಿ ಉತ್ತರಿಸುತ್ತದೆ. ಆದರೆ ಜನ ಈಗಾಗಲೇ ಹೋಗುತ್ತಿರುವ ಜಾಗಗಳ ಕಡೆಗೇ ಅದು ವಾಲುವುದು ಸಹಜ. ಯಾರೂ ಹೋಗದ ಒಳ್ಳೆಯ ಪುಟವನ್ನು ಕಂಡುಹಿಡಿಯುವ ಸಾಧ್ಯತೆ ಕೊಂಡಿಯಿಂದ ಕೊಂಡಿಗೆ ನಡೆಯುವ ಕ್ರಾಲರ್‌ನಲ್ಲೇ ಹೆಚ್ಚು. ನಮ್ಮ ದೃಷ್ಟಿಯಲ್ಲಿ ಮೋಜೀಕ್ ಉಳಿಯಬೇಕಾದ್ದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಹುಡುಕಿದರೆ

ಪದಹೊಂದಿಕೆಯ ಮಿತಿ ನಮ್ಮ ಭಾಷೆಯಲ್ಲಿ ಎದ್ದು ಕಾಣುತ್ತದೆ. ಇಂಗ್ಲಿಷಿನ ಒಂದು ನಾಮಪದಕ್ಕೆ ಎರಡು-ಮೂರು ರೂಪ. ಕನ್ನಡದಲ್ಲಿ ಮರ, ಮರದ, ಮರಕ್ಕೆ, ಮರದಿಂದ, ಮರಗಳಲ್ಲಿ, ಮರವೂ, ಮರವೇ ಎಂದು ಬೆಳೆಯುತ್ತಲೇ ಹೋಗುತ್ತದೆ. ಪ್ರತ್ಯಯ ಕಳಚಿ ಮೂಲಪದಕ್ಕೆ ತರುವ ವ್ಯವಸ್ಥೆ ಇಲ್ಲದಿದ್ದರೆ ‘ಮರದ ರೋಗ’ ಎಂದು ಹುಡುಕಿದವರಿಗೆ ‘ಮರಗಳಿಗೆ ತಗಲುವ ರೋಗಗಳು’ ಎಂಬ ಶೀರ್ಷಿಕೆಯ ಪುಟ ಸಿಗುವುದಿಲ್ಲ. ಸಂಧಿಯಾದ ಪದಗಳ ಕಷ್ಟ ಇನ್ನೂ ಹೆಚ್ಚು.

ಇನ್ನೊಂದು ಸಂಗತಿ ಕಣ್ಣಿಗೇ ಬೀಳುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ಒತ್ತಕ್ಷರವಾಗಿ ಕೂಡಿಕೊಳ್ಳದಿರಲೆಂದು ನಡುವೆ ಅಗಲವಿಲ್ಲದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಕೆಲವು ಕೀಬೋರ್ಡುಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹಾಗೆಯೇ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಂಜಿನ್ ಪುಟದ ಪಠ್ಯವನ್ನೂ ಪ್ರಶ್ನೆಯನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಕಣ್ಣೆದುರೇ ಇರುವ ಪದ ‘ಸಿಗಲಿಲ್ಲ’ ಎಂದಾಗುತ್ತದೆ. ಪರೀಕ್ಷೆ ಸುಲಭ: ಇಂಥ ಒಂದು ಪದವನ್ನು ಎರಡೂ ರೀತಿಯಲ್ಲಿ ಟೈಪಿಸಿ, ಫಲಿತಾಂಶ ಬದಲಾಯಿತೇ ನೋಡಿ. ಬದಲಾದರೆ ಆ ಎಂಜಿನ್‌ನಲ್ಲಿ ಕನ್ನಡದ ಮುಖ್ಯ ಪದಗಳನ್ನು ಎರಡು-ಮೂರು ರೂಪಗಳಲ್ಲಿ ಹುಡುಕುವುದು ಅನಿವಾರ್ಯ. ಪುಟಗಳ ಸಂಖ್ಯೆಯ ದೃಷ್ಟಿಯಿಂದಲೂ ಮೋಜೀಕ್‌ನ ಬಲ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳಲ್ಲಿದೆ; ಕನ್ನಡದ ದಿನನಿತ್ಯದ ಹುಡುಕಾಟಕ್ಕೆ ಇಂದಿಗೆ ಗೂಗಲ್ಲೇ ಮುಂದು.

ಯಾವ ಕೆಲಸಕ್ಕೆ ಯಾವುದು

ಇವತ್ತಿನ ಸುದ್ದಿ, ಹತ್ತಿರದ ಔಷಧಿ ಅಂಗಡಿ, ರೈಲಿನ ಸಮಯ, ಉತ್ಪನ್ನದ ಬೆಲೆ, ಕಾಗುಣಿತ ಖಚಿತವಿಲ್ಲದ ಹೆಸರು: ಇವಕ್ಕೆ ಗೂಗಲ್ ಅಥವಾ ಬಿಂಗ್. ಇವೆಲ್ಲಕ್ಕೂ ತಾಜಾತನ, ನಕ್ಷೆಯ ದತ್ತಾಂಶ, ಕ್ಲಿಕ್ ದಾಖಲೆ ಬೇಕು. ಮೋಜೀಕ್‌ನಲ್ಲಿ ಹೊತ್ತು ಕಳೆಯುವುದು ವ್ಯರ್ಥ.

ಮೋಜೀಕ್ ಹೊಳೆಯುವುದು ಬೇರೆ ಕಡೆ. ಮಾರಾಟದ ಪುಟಗಳು ಮತ್ತು ಒಂದೇ ಅಚ್ಚಿನ ‘ಅತ್ಯುತ್ತಮ ಹತ್ತು’ ಲೇಖನಗಳು ತುಂಬಿಕೊಂಡ ವಿಷಯಗಳನ್ನು ತೆಗೆದುಕೊಳ್ಳಿ. ಹಳೆಯ ರೇಡಿಯೋ ರಿಪೇರಿ, ಮರಗೆಲಸದ ಕೂಡುಗಳು, ಕೈಬಿಟ್ಟ ಪ್ರೋಗ್ರಾಮಿಂಗ್ ಭಾಷೆಗಳು, ಒಬ್ಬರೇ ಕೂತು ಇಪ್ಪತ್ತು ವರ್ಷ ಬೆಳೆಸಿದ ವೈಯಕ್ತಿಕ ತಾಣಗಳು ಇಂಥವು. ಗೂಗಲ್‌ನಲ್ಲಿ ಇವು ಐದನೆಯ ಪುಟಕ್ಕೆ ಜಾರಿರುತ್ತವೆ ಅಥವಾ ಕಾಣುವುದೇ ಇಲ್ಲ. ಮೋಜೀಕ್‌ನಲ್ಲಿ ಮೊದಲ ಪುಟದಲ್ಲೇ ಎದುರಾಗುವುದುಂಟು. ಸಂಶೋಧನೆ ಮಾಡುವವರಿಗೆ, ಪತ್ರಕರ್ತರಿಗೆ ಇನ್ನೊಂದು ಉಪಯೋಗವಿದೆ: ದೊಡ್ಡ ಎಂಜಿನ್ ಒಂದು ಪುಟವನ್ನು ತೆಗೆದುಹಾಕಿದೆಯೇ ಎಂದು ಪರಿಶೀಲಿಸಲು ಅದರಿಂದ ಸ್ವತಂತ್ರವಾದ ಇಂಡೆಕ್ಸ್ ಬೇಕೇ ಬೇಕು. ಬಿಂಗ್‌ನ ಫಲಿತಾಂಶವನ್ನು ಡಕ್‌ಡಕ್‌ಗೋದಲ್ಲಿ ತಾಳೆ ನೋಡಿದರೆ ಒಂದೇ ಸಾಕ್ಷಿಯನ್ನು ಎರಡು ಸಲ ಕೇಳಿದಂತಾಯಿತು.

ಪ್ರಶ್ನೆ ಬರೆಯುವ ರೀತಿಯನ್ನೂ ಬದಲಿಸಿಕೊಳ್ಳಬೇಕು. ಗೂಗಲ್‌ಗೆ ಬರೆಯುವಂತೆ ಹನ್ನೆರಡು ಪದಗಳ ವಾಕ್ಯ ಬರೆದರೆ ಮೋಜೀಕ್ ಚದುರಿಹೋಗುತ್ತದೆ. ಎರಡರಿಂದ ನಾಲ್ಕು ನಾಮಪದ ಸಾಕು, ಅದರಲ್ಲೊಂದು ಅಪರೂಪದ್ದಾಗಿರಲಿ. ಉತ್ತರವಿರುವ ಪುಟದಲ್ಲಿ ಬರೆದವರು ಯಾವ ಪದ ಬಳಸಿರಬಹುದು ಎಂದು ಯೋಚಿಸಿ ಅದನ್ನೇ ಹಾಕಿ. ಜೋಡಿಪದವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಬೇಡದ ಅರ್ಥವನ್ನು ಮೈನಸ್ ಚಿಹ್ನೆ ಹಚ್ಚಿ ತೆಗೆಯಿರಿ. ಒಂದೇ ತಾಣದೊಳಗೆ ಹುಡುಕಲು ‘ಸೈಟ್’ (site) ಎಂಬ ಇಂಗ್ಲಿಷ್ ಪದ, ವಿವರಣ ಚಿಹ್ನೆ (:), ಜಾಗ ಬಿಡದೆ ತಾಣದ ವಿಳಾಸ. ಮೊದಲ ಪ್ರಯತ್ನದಲ್ಲಿ ಸಿಗದಿದ್ದರೆ ಪದ ಸೇರಿಸುವ ಬದಲು ಒಂದನ್ನು ಕಡಿಮೆ ಮಾಡಿ ನೋಡಿ. ಚಿಕ್ಕ ಇಂಡೆಕ್ಸಿನಲ್ಲಿ ಪ್ರತಿ ಹೆಚ್ಚುವರಿ ಪದವೂ ಒಳ್ಳೆಯ ಪುಟಗಳನ್ನು ಹೊರದಬ್ಬುತ್ತದೆ.

ಬ್ರೌಸರಿನ ಡೀಫಾಲ್ಟ್ (ಮೊದಲೇ ನಿಗದಿಯಾದ) ಸರ್ಚ್ ಎಂಜಿನ್ ಬದಲಿಸದೆಯೂ ಮೋಜೀಕನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಸರ್ಚ್ ಎಂಜಿನ್ ವಿಭಾಗದಲ್ಲಿ ಸರ್ಚ್ ಎಂಜಿನ್‌ಗಳ ನಿರ್ವಹಣೆಗೆ ಹೋಗಿ, ಸೈಟ್ ಸರ್ಚ್ ಕೆಳಗಿನ ‘ಸೇರಿಸು’ ಗುಂಡಿ ಒತ್ತಿ. ಮೂರು ಖಾನೆಗಳು ಬರುತ್ತವೆ. ಹೆಸರಿನ ಜಾಗದಲ್ಲಿ ಮೋಜೀಕ್, ಶಾರ್ಟ್‌ಕಟ್ ಜಾಗದಲ್ಲಿ ಒಂದೆರಡು ಅಕ್ಷರ. ವಿಳಾಸದ ಜಾಗಕ್ಕೆ ಮೋಜೀಕ್‌ನಲ್ಲಿ ಏನನ್ನಾದರೂ ಒಮ್ಮೆ ಹುಡುಕಿ, ಬಂದ ಪುಟದ ವಿಳಾಸವನ್ನು ನಕಲಿಸಿ ಅಂಟಿಸಿ. ನೀವು ಹುಡುಕಿದ ಪದ ಇರುವಲ್ಲಿ ಅದನ್ನಳಿಸಿ ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ಚಿಕ್ಕ ಎಸ್ ಅಕ್ಷರ (%s) ಹಾಕಿ. ಶಾರ್ಟ್‌ಕಟ್ ಕೆಲಸ ಮಾಡದಿದ್ದರೆ ಈ ಎರಡು ಚಿಹ್ನೆಗಳ ನಡುವೆ ಜಾಗ ಬಿಟ್ಟಿದ್ದೀರಾ ನೋಡಿ. ಫೈರ್‌ಫಾಕ್ಸ್‌ನಲ್ಲೂ ಸೆಟ್ಟಿಂಗ್ಸ್‌ನ ಹುಡುಕಾಟ ವಿಭಾಗದಲ್ಲಿ ಶಾರ್ಟ್‌ಕಟ್ ಪಟ್ಟಿಯ ಕೆಳಗೆ ಇದೇ ಸೌಲಭ್ಯವಿದೆ. ಇನ್ನು ಮುಂದೆ ವಿಳಾಸಪಟ್ಟಿಯಲ್ಲಿ ಆ ಅಕ್ಷರ, ಒಂದು ಸ್ಪೇಸ್, ಪ್ರಶ್ನೆ. ಮೋಜೀಕ್‌ನ ಫಲಿತಾಂಶ ಪುಟದಲ್ಲೇ ಅದೇ ಪ್ರಶ್ನೆಯನ್ನು ಬೇರೆ ಎಂಜಿನ್‌ಗಳಿಗೆ ಕಳಿಸುವ ಕೊಂಡಿಗಳೂ ಇರುತ್ತವೆ. ಎದುರಾಳಿಯ ಬಾಗಿಲನ್ನು ತಾನೇ ತೋರಿಸುವ ಎಂಜಿನ್ ಅಪರೂಪ.

ನೀವೇ ಅಳೆಯುವುದಾದರೆ

ಎರಡು ಪ್ರಶ್ನೆ ಹಾಕಿ ‘ಇದು ಚೆನ್ನಾಗಿಲ್ಲ’ ಎಂದು ಮುಚ್ಚುವುದು ಅಳತೆಯಲ್ಲ. ನಿಮ್ಮ ಬ್ರೌಸರ್ ಇತಿಹಾಸದಿಂದ 30 ನಿಜವಾದ ಪ್ರಶ್ನೆಗಳನ್ನು ತೆಗೆಯಿರಿ, ಆರರಂತೆ ಐದು ಗುಂಪು ಮಾಡಿ: ನಿರ್ದಿಷ್ಟ ತಾಣಕ್ಕೆ ಹೋಗಲು ಕೇಳಿದವು, ಸತ್ಯಾಂಶ ಕೇಳಿದವು, ತಾಂತ್ರಿಕ ದೋಷಸಂದೇಶಗಳು, ಹೊಸ ಸುದ್ದಿ, ಮತ್ತು ವಿಸ್ತಾರವಾದ ಓದಿಗಾಗಿ ಕೇಳಿದವು. ಖಾಸಗಿ ಕಿಟಕಿಯಲ್ಲಿ, ಖಾತೆಗೆ ಲಾಗಿನ್ ಆಗದೆ, ಒಂದೇ ದಿನ ಎಲ್ಲ ಎಂಜಿನ್‌ಗಳಲ್ಲೂ ಹಾಕಿ. ಜಾಹೀರಾತು ಮತ್ತು ಎಐ ಸಾರಾಂಶ ಬಿಟ್ಟು ಮೊದಲ ಹತ್ತು ಕೊಂಡಿಗಳಿಗೆ ಅಂಕ ಕೊಡಿ. ಕೆಲಸಕ್ಕೆ ಬಂದದ್ದಕ್ಕೆ 2, ಅರ್ಧ ಉಪಯೋಗಕ್ಕೆ 1, ಉಳಿದದ್ದಕ್ಕೆ 0. ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ಈ ತಾಣ ಬೇರೆ ಎಂಜಿನ್‌ನ ಹತ್ತರಲ್ಲಿ ಇದೆಯೇ? ಪೂರ್ತಿ ವಿಳಾಸ ಹೋಲಿಸಬೇಡಿ, ತಾಣದ ಹೆಸರನ್ನಷ್ಟೇ ಹೋಲಿಸಿ. ಇಲ್ಲವಾದರೆ ಒಂದೇ ಲೇಖನದ ಮೊಬೈಲ್ ಮತ್ತು ಸಾಮಾನ್ಯ ವಿಳಾಸ ಬೇರೆ ಬೇರೆ ಎಂದು ಲೆಕ್ಕವಾಗುತ್ತದೆ.

ಈ ಎರಡನೆಯ ಅಂಕಣವೇ ಹೆಚ್ಚು ಕಲಿಸುತ್ತದೆ. ಒಟ್ಟು ಅಂಕದಲ್ಲಿ ಗೂಗಲ್ ಗೆಲ್ಲುವುದು ಹೆಚ್ಚುಕಡಿಮೆ ಖಚಿತ. ಆದರೆ ಬೇರೆಲ್ಲೂ ಇಲ್ಲದ ಮತ್ತು 2 ಅಂಕ ಪಡೆದ ಕೊಂಡಿಗಳನ್ನು ಮಾತ್ರ ಎಣಿಸಿ ನೋಡಿ. ಐದನೆಯ ಗುಂಪಿನಲ್ಲಿ ಅಂಥವು ನಾಲ್ಕೈದು ಸಿಕ್ಕರೂ ಮೋಜೀಕ್‌ಗೆ ಬ್ರೌಸರಿನಲ್ಲಿ ಒಂದು ಅಕ್ಷರದ ಜಾಗ ಕೊಡುವುದು ಸಾರ್ಥಕ.

ತಾಣ ನಡೆಸುವವರು ನೋಡಬೇಕಾದ್ದು

ಡೀಫಾಲ್ಟ್ ಸ್ಥಾನಕ್ಕಾಗಿ ಗೂಗಲ್ 2021ರಲ್ಲಿ ಬ್ರೌಸರ್ ಮತ್ತು ಫೋನ್ ಕಂಪನಿಗಳಿಗೆ 2,630 ಕೋಟಿ ಡಾಲರ್ ಕೊಟ್ಟಿತೆಂದು ಅದೇ ಮೊಕದ್ದಮೆಯಲ್ಲಿ ಬಯಲಾಯಿತು. 2025ರ ಸೆಪ್ಟೆಂಬರಿನ ಪರಿಹಾರ ಆದೇಶದಲ್ಲಿ ಮೆಹ್ತಾ ಅವರು ಎದುರಾಳಿಗಳನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಿದರು, ಅರ್ಹ ಎದುರಾಳಿಗಳಿಗೆ ಇಂಡೆಕ್ಸ್ ಮತ್ತು ಬಳಕೆದಾರ ದತ್ತಾಂಶದ ಕೆಲವು ಭಾಗ ಕೊಡಬೇಕೆಂದರು. ಹಣ ಕೊಟ್ಟು ಸ್ಥಾನ ಪಡೆಯುವುದನ್ನು ಮಾತ್ರ ಪೂರ್ತಿ ತಡೆಯಲಿಲ್ಲ. ಆ ದೊಡ್ಡ ಕದನದಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಸ್ವಂತ ತಾಣ ಇರುವವರ ಕೈಯಲ್ಲಿ ಮಾತ್ರ ಒಂದು ಕೆಲಸವಿದೆ: ಸಣ್ಣ ಕ್ರಾಲರ್ ಒಳಗೆ ಬರಲು ಬಿಡುವುದು.

ನಿಮ್ಮ ರೋಬೋಟ್ಸ್ ಕಡತ ತೆರೆಯಿರಿ. ನಕ್ಷತ್ರ ಚಿಹ್ನೆಯ ಕೆಳಗೆ ಇಡೀ ತಾಣಕ್ಕೆ ನಿಷೇಧ ಬರೆದು, ಮೇಲೆ ಗೂಗಲ್ ಮತ್ತು ಬಿಂಗ್‌ಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಮೋಜೀಕ್‌ಬಾಟ್ ಹೆಸರಿನಲ್ಲಿ ಇನ್ನೊಂದು ಅನುಮತಿ ಸೇರಿಸಿ. ಎಐ ಬಾಟ್‌ಗಳನ್ನು ತಡೆಯುವುದೇ ಉದ್ದೇಶವಾದರೆ ಅವುಗಳ ಹೆಸರು ಹಿಡಿದು ತಡೆಯಿರಿ. ಎಲ್ಲರನ್ನೂ ತಡೆಯುವ ಸಾಲು ಬೇಡ. ಆಮೇಲೆ ಸರ್ವರ್ ಲಾಗ್‌ನಲ್ಲಿ (ಯಾರು ಯಾವ ಪುಟ ಕೇಳಿದರು ಎಂಬ ದಾಖಲೆ) ಮೋಜೀಕ್‌ಬಾಟ್ ಎಂದು ಹುಡುಕಿ. ಅದರ ಕೋರಿಕೆಗಳ ಮುಂದೆ ಸರ್ವರಿನ ಉತ್ತರಸಂಕೇತ 200 ಇದ್ದರೆ ಎಲ್ಲ ಸರಿಯಿದೆ. 403 ಇದ್ದರೆ ಫೈರ್‌ವಾಲ್ ತಡೆದಿದೆ, 429 ಇದ್ದರೆ ಕೋರಿಕೆಗಳ ಮಿತಿ ತೀರ ಬಿಗಿಯಾಗಿದೆ, ಹೆಸರೇ ಇಲ್ಲದಿದ್ದರೆ ಅದು ನಿಮ್ಮ ತಾಣವನ್ನು ಇನ್ನೂ ಕಂಡಿಲ್ಲ ಅಥವಾ ಲಾಗ್‌ವರೆಗೂ ಬರಲು ಮುಂದಿನ ಸೇವೆ ಬಿಟ್ಟಿಲ್ಲ. ಬಾಟ್ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಆದ್ದರಿಂದ ಫೈರ್‌ವಾಲ್‌ನಲ್ಲಿ ವಿನಾಯಿತಿ ಕೊಡುವ ಮುನ್ನ ಆ ಐಪಿ ವಿಳಾಸದ ಹಿಮ್ಮುಖ ಡಿಎನ್ಎಸ್ (ಐಪಿಯಿಂದ ಅದರ ಡೊಮೇನ್ ಹೆಸರು ತಿಳಿಯುವ ಹುಡುಕಾಟ) ನೋಡಿ, ಬಂದ ಹೆಸರು ಮೋಜೀಕ್‌ನದೇ ಡೊಮೇನ್‌ನಲ್ಲಿದೆಯೇ, ಆ ಹೆಸರು ಮತ್ತೆ ಅದೇ ಐಪಿಗೆ ತಿರುಗುತ್ತದೆಯೇ ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ, ಬ್ರೌಸರಿನಲ್ಲಿ ಪುಟದ ಮೂಲ ಎಚ್‌ಟಿಎಂಎಲ್ ತೆರೆದು, ಲೇಖನದ ಒಂದು ವಾಕ್ಯಕ್ಕಾಗಿ ಹುಡುಕಿ. ಅಲ್ಲಿ ಆ ವಾಕ್ಯ ಇಲ್ಲದಿದ್ದರೆ ಪಠ್ಯ ಜಾವಾಸ್ಕ್ರಿಪ್ಟ್‌ನಿಂದ ಬರುತ್ತಿದೆ ಎಂದರ್ಥ. ಸರ್ವರಿನಲ್ಲೇ ಪುಟ ತಯಾರಾಗುವಂತೆ ಬದಲಿಸುವವರೆಗೆ ಉಳಿದೆಲ್ಲ ತಿದ್ದುಪಡಿ ನಿಷ್ಫಲ. ಇವೆಲ್ಲ ಸರಿಯಾದ ಮೇಲೂ ಮರುದಿನವೇ ಫಲಿತಾಂಶದಲ್ಲಿ ಹುಡುಕಬೇಡಿ. ಸಣ್ಣ ಕ್ರಾಲರ್‌ನ ಸುತ್ತು ವಾರಗಳ ಲೆಕ್ಕದ್ದು, ಮತ್ತು ನಿಮ್ಮ ಪುಟಕ್ಕೆ ಅದು ಈಗಾಗಲೇ ಓದಿರುವ ಯಾವುದಾದರೂ ತಾಣದಿಂದ ಒಂದು ಕೊಂಡಿ ಇದ್ದರೆ ಮಾತ್ರ ದಾರಿ ಸಿಗುತ್ತದೆ.